ಕಾರೆಕಾಯಿ

ಕಟ್ಟೆಯ ನೀರಿಗೆ ಕಾರೆಕಾಯಿ ಜಜ್ಜಿ ಹಾಕಿ, ಮಂಪರು ಬಂದು ತೇಲಿದ ಟ್ರೌಟ್ ಮೀನು ಹಿಡಿದನೆಂದು ಎಸ್ಟೇಟಿನ ದೊರೆ ಕೂಲಿಯಾಳು ಬೊಮ್ಮನನ್ನು ಮರಕ್ಕೆ ಕಟ್ಟಿಸಿ ತಾನೇ ಚಾಟಿಯಿಂದ ಹೊಡೆದ. ಮೂರನೆಯ ದಿನ ಬೊಮ್ಮ ಕೂಲಿಯವರ ಲೈನುಮನೆಯಲ್ಲಿ ಸತ್ತ.

ತಿಂಗಳು ತುಂಬುವ ಮೊದಲೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೂಸಪ್ಪ ಬಂದು ಬೊಮ್ಮನ ಹೆಂಡತಿಯ ಮುಂದೆ ಒಂದು ಬುಟ್ಟಿ ಕಾರೆಕಾಯಿ ಸುರಿದ. “ಬೇಗ ಜಜ್ಜು ಚೋಮಿ. ದೊಡ್ಡ ಸಾಹೇಬ್ರು ಬಂದವ್ರೆ. ಅವ್ರ ಮುಂದೆ ನಮ್ಮ ದೊರೆ ಬೆಳಗ್ಗಿಂದ ಗಾಳ ಬೀಸಿ ಬೀಸಿ ಸುಸ್ತಾದ್ರು, ಒಂದೂ ಕಚ್ಲಿಲ್ಲ. ನೀನು ಮೇಲ್ಗಡೆ ಕಟ್ಟೆಗೆ ನೀರು ಬರೋ ಕಡೆಯಿಂದ ಬಿಡು, ತೇಲಿದ್ದನ್ನ ನಾನೇ ಗಾಳಕ್ಕೆ ಸಿಕ್ಕಿಸ್ತೀನಿ.”

ಚೋಮಿ ಹಾಸುಗಲ್ಲನ್ನು ಹತ್ತಿರ ಎಳೆದುಕೊಂಡಳು. ಬೊಮ್ಮ ಜಜ್ಜಿದ್ದ ಕಾಯಿಯ ಸಿಪ್ಪೆ ಅದರ ಮೇಲೆ ಇನ್ನೂ ಒಣಗಿ ಅಂಟಿಕೊಂಡಿತ್ತು.

“ಇದು ಕಳ್ಳತನ ಅಂದ್ರಲ್ಲ ಅಯ್ಯ?”

“ದೊರೆ ಮಾಡ್ಸಿದ್ರೆ ಕಳ್ಳತನ ಹೆಂಗಾಯ್ತದೆ? ಬಾಯಿ ಮುಚ್ಕೊಂಡು ಜಜ್ಜು. ಇಲ್ಲಾಂದ್ರೆ ಇವತ್ತೇ ಲೈನು ಬಿಟ್ಟು ನಡಿ.”

ಕಟ್ಟೆಯ ಕಡೆಯಿಂದ ದೊರೆಯ ಗಾಳದ ದಾರ ಗಾಳಿಯನ್ನು ಸೀಳುವ ಸದ್ದು ಕೇಳಿಸಿತು. ಚೋಮಿ ಕಲ್ಲನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

“ನಿಮ್ಮ ದೊರೆಗೆ ಚಾಟಿ ಬೀಸೋಕೆ ಚೆನ್ನಾಗಿ ಬರ್ತದಲ್ಲ. ಮೀನಿಗೂ ಅದನ್ನೇ ಬೀಸ್ಲಿ. ನಾ ಜಜ್ಜಲ್ಲ.”