ಗಾಜಿನ ಮೇಲಿನ ಬಿಂದಿ

ಲಾರಿಯಿಂದ ಸಿಡಿದ ಜಲ್ಲಿಕಲ್ಲು ಕಾರಿನ ಮುಂದಿನ ಗಾಜಿಗೆ ಬಡಿದಿದ್ದ ಜಾಗದಲ್ಲಿ ಕೆಂಪು ಬಿಂದಿಯೊಂದು ಅಂಟಿತ್ತು.

"ಇದನ್ಯಾರು ಅಂಟಿಸಿದ್ದು ಮೇಡಂ?" ಗಾಜಿನಂಗಡಿಯವನು ಬಾಗಿ ನೋಡುತ್ತಲೇ ಕೇಳಿದ.

"ನಾನೇ. ಒಳಗೆ ಧೂಳು ಹೋದ್ರೆ ರಿಪೇರಿ ಆಗಲ್ಲ, ಏನಾದ್ರೂ ಅಂಟಿಸು ಅಂದ್ರು ನಮ್ಮನೆಯವರು. ಹಣೆಯಿಂದ ಕಿತ್ತು ಅಂಟಿಸ್ದೆ. ಊರು ಮುಟ್ಟೋವರೆಗೂ ನಗ್ತಾನೇ ಇದ್ರು."

"ಒಳ್ಳೇ ಕೆಲಸ ಮಾಡಿದ್ರಿ. ಈಗ ಇದನ್ನ ಕಿತ್ತು ಗಮ್ ತುಂಬಿದ್ರೆ ಗುರುತೂ ಕಾಣಲ್ಲ."

"ಬಿಂದಿ ಇದ್ದ ಹಾಗೇ ಮಾಡಕ್ಕಾಗಲ್ವಾ?"

"ಹೆಂಗಾಗತ್ತೆ? ಹಂಗೇ ಬಿಟ್ರೆ ಇಡೀ ಗಾಜು ಬಿರುಕು ಬಿಡತ್ತೆ. ಮನೇಲಿ ಇನ್ನೊಂದು ಬಿಂದಿ ಇರಲ್ವಾ?" ಎನ್ನುತ್ತ ಅವನು ಬ್ಲೇಡು ತೆಗೆದ.

ಅವಳು ಬಿಂದಿಯ ಮೇಲೆ ಬೆರಳು ಅಡ್ಡ ಇಟ್ಟಳು.

"ಅವರ ಹತ್ತನೇ ದಿನ ಬಳೆ, ಬಿಂದಿ ಎಲ್ಲಾ ತೆಗೆಸಿದ್ರಪ್ಪ. ಇದೊಂದು ಯಾರ ಕಣ್ಣಿಗೂ ಬಿದ್ದಿಲ್ಲ."