ನೆತ್ತಿಯ ಸದ್ದು

ಮಗು ಹುಟ್ಟಿ ಒಂಬತ್ತು ದಿನವಾಗಿತ್ತು. ಸ್ಕ್ಯಾನಿಂಗ್ ಮೇಡಂ ದಿನಾ ಬಂದು ಅದರ ಮೆದು ನೆತ್ತಿಯ ಮೇಲೆ ಯಂತ್ರದ ಪ್ರೋಬ್ ಇಡುತ್ತಿದ್ದರು. ಮೆದುಳಿಗೆ ರಕ್ತ ಹರಿಯುವ ಸದ್ದು ಯಂತ್ರದಲ್ಲಿ ಕೇಳಿಸುತ್ತಿತ್ತು. ಆ ಸದ್ದು ನಿಂತರೆ ಮುಂದೆ ಮಾಡುವಂಥದ್ದು ಏನೂ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಈ ದಿನ ಪ್ರೋಬನ್ನು ಎಷ್ಟು ಸರಿಸಿದರೂ ಯಂತ್ರ ಸುಮ್ಮನಿತ್ತು.

"ಯಾಕ್ ಮೇಡಮ್ಮ, ಸದ್ದೇ ಬರ್ನಿಲ್ಲ?" ಎಂದಳು ಬಾಣಂತಿಯ ತಾಯಿ.

"ಜೆಲ್ ಒಣಗಿದೆ ಅಜ್ಜಿ, ತಡೀರಿ."

ಮೇಡಂ ತಾಯಿ ಮಗಳಿಬ್ಬರಿಗೂ ಬೆನ್ನು ಮಾಡಿ ಮಗುವಿನ ಮೇಲೆ ಬಾಗಿದರು. ಸ್ವಲ್ಪ ಹೊತ್ತಿಗೆ ಸದ್ದು ಬಂತು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮೊಟ್ಟೆ ತಣ್ಣಗಿರ್ಲಿ ತಾಯಿ. ಕೇಳುದ್ಯೇನವ್ವ? ನಿನ್ ಮಗ ಗಟ್ಟಿ ಆಳು."

ಬಾಣಂತಿ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಆಲಿಸಿದಳು.

"ಕೇಳಿಸ್ತಾದೆ ಕನವ್ವ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಹೋಗಿ ಒಂದು ಲೋಟ ಕಾಫಿ ಕುಡ್ಕೊಂಡು ಬಾ."

ಅಜ್ಜಿ ಆಚೆ ಹೋದಳು. ಬಾಗಿಲು ಮುಚ್ಚಿಕೊಳ್ಳುವವರೆಗೂ ಬಾಣಂತಿ ಕಾದಳು.

"ನನ್ ಮಗೀದು ಇದ್ರ ಎರಡಷ್ಟು ಬಿರುಸಾಗಿ ಬಡೀತಿತ್ತು ಮೇಡಂ. ಸಾಕು, ನಿಮ್ ಮಣಿಕಟ್ಟಿನ ಮೇಲಿಂದ ಅದ್ನ ತೆಗೀರಿ."