ಹಾರನ್ನಿಗೆ ಬೆದರುವ ಎತ್ತು

"ಗೊತ್ತಿತ್ತು ಸ್ವಾಮಿ," ಎಂದ ದನದ ವ್ಯಾಪಾರಿ ಮೊಯ್ದು, ಕಟಕಟೆಯಲ್ಲಿ ನಿಂತು. "ಲಾರಿ ಹಾರನ್ ಕೇಳಿದ್ರೆ ಆ ಎತ್ತು ದಾರಿ ಬಿಟ್ಟು ಓಡ್ತದೆ ಅಂತ ಮಾರುವಾಗಲೇ ನನಗೆ ಗೊತ್ತಿತ್ತು."

ಮುನ್ಸೀಫರ ಪೆನ್ನು ನಿಂತಿತು. ಮೊಯ್ದುವಿನ ವಕೀಲ ಕುಶಾಲಪ್ಪನವರು ಕಣ್ಣು ಮುಚ್ಚಿಕೊಂಡರು. ಈ ಪ್ರಶ್ನೆಗೆ 'ನೆನಪಿಲ್ಲ' ಎನ್ನಬೇಕೆಂದು ಮೂರು ಸಲ ಹೇಳಿಕೊಟ್ಟಿದ್ದರು. ದೋಷ ಮುಚ್ಚಿ ಎತ್ತು ಮಾರಿದನೆಂದು ದಾವೆ ಹೂಡಿದ್ದ ಗಂಗಮ್ಮ ಮೊದಲ ಬಾರಿಗೆ ತಲೆ ಎತ್ತಿ ಅವನನ್ನು ನೋಡಿದಳು. ಆ ಎತ್ತು ಕಟ್ಟಿದ ಗಾಡಿ ಮಾದಾಪುರದ ಕಡೆಯ ತಿರುವಿನಲ್ಲಿ ಕೊಲ್ಲಿಗುರುಳಿ ಅವಳ ಗಂಡ ಗುರುವಪ್ಪ ಸತ್ತು ವರ್ಷವಾಗಿತ್ತು. ನೊಗದ ಇನ್ನೊಂದು ಎತ್ತೂ ಸತ್ತಿತ್ತು. ಮೊಯ್ದು ಮಾರಿದ ಎತ್ತಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಸೋಮವಾರಪೇಟೆಯ ಸಂತೆಯಲ್ಲಿ ದನದ ವ್ಯಾಪಾರ ಕುದುರುವುದು ಟವೆಲಿನ ಅಡಿಯಲ್ಲಿ, ಬೆರಳು ಹಿಡಿದು, ಬಾಯಿ ಬಿಡದೆ. ಹತ್ತಕ್ಕೊಂದು ಹಿಡಿತ, ನೂರಕ್ಕೊಂದು ಹಿಡಿತ, ಐಬಿಗೆ ಬೆರಳಿಲ್ಲ. ಗುರುವಪ್ಪ ಹಲ್ಲು ನೋಡಿದ್ದ, ಗೊರಸು ನೋಡಿದ್ದ, ಸುಳಿ ನೋಡಿದ್ದ. ಸಂತೆಮಾಳದಲ್ಲಿ ಆ ಹೊತ್ತಿಗೆ ಲಾರಿ ಇರಲಿಲ್ಲ. ಅವನು ಸತ್ತ ಮೇಲೆ ಮೊಯ್ದು ಎರಡು ಸಲ ಗಂಗಮ್ಮನ ಮನೆಯವರೆಗೂ ಹೋಗಿ ಜಗಲಿ ಹತ್ತದೆ ತಿರುಗಿ ಬಂದಿದ್ದ. ವರ್ಷದಿಂದ ಹೊತ್ತದ್ದನ್ನು ಕೋರ್ಟಾದರೂ ಇಳಿಸಲಿ ಎಂದು ಈಗ ಸೋಲಲಿಕ್ಕೇ ಬಂದಿದ್ದ.

ಹೊರಗೆ ಬಂದೊಡನೆ ಕುಶಾಲಪ್ಪನವರು ಹಿಡಿದುಕೊಂಡರು. "ಏನು ಕಾಕಾ, ಫೀಸು ನನಗೆ ಕೊಟ್ಟು ಕೇಸು ಅವರದ್ದು ನಡೆಸ್ತೀರಾ?"

"ನಮ್ಮ ಶರಿಯತ್ತಲ್ಲಿ ಐಬು ಮುಚ್ಚಿ ಮಾರೋ ಹಾಗಿಲ್ಲ ವಕೀಲ್ರೇ. ಕೇಳಲಿ, ಬಿಡಲಿ, ಮಾರುವವನೇ ಹೇಳ್ಬೇಕು. ಹೇಳದಿದ್ರೆ ಕೊಂಡವ ಮಾಲು ವಾಪಸ್ ಕೊಡಬಹುದು, ನಾನು ದುಡ್ಡು ತಿರುಗಿ ಕೊಡ್ಬೇಕು. ಕೊಂಡವ ಸತ್ತರೆ ಆ ಹಕ್ಕು ಅವನ ಮನೆಯವರದ್ದು. ಪಳ್ಳಿಯಲ್ಲಿ ನಮಾಜು ಮಾಡಿಸೋ ಉಸ್ತಾದರು ಹೇಳಿದ್ರು."

"ಉಸ್ತಾದರನ್ನ ಸಂತೆ ದಿವಸವೇ ಕೇಳಬಹುದಿತ್ತಲ್ಲ."

ಮೊಯ್ದು ಹೊರಡಲು ತಿರುಗಿದ, ವಕೀಲರು ತೋಳು ಹಿಡಿದು ನಿಲ್ಲಿಸಿದರು.

"ಕೇಳಿ ಕಾಕಾ. ನಿಮ್ಮ ಶರಿಯತ್ತು ಇಲ್ಲಿ ನಡೆಯೋದು ಮದುವೆಗೆ, ಆಸ್ತಿ ಪಾಲಿಗೆ. ದನ ಮಾರೋದಕ್ಕೆ ಇಂಗ್ಲಿಷರ ಕರಾರು ಕಾಯ್ದೆ, ನಿಮಗೂ ನನಗೂ ಒಂದೇ. ಬಾಯಿ ಬಿಟ್ಟು ಸುಳ್ಳು ಹೇಳಿದ್ರೆ ಮೋಸ. ಸುಮ್ಮನಿದ್ರೆ ಅಲ್ಲ. ಕೊಳ್ಳುವವನು ಕಣ್ಣು ಬಿಟ್ಟು ಕೊಳ್ಳಬೇಕು."

"ಹಾಗಾದ್ರೆ ನೆನಪಿಲ್ಲ ಅನ್ನೋಕೆ ಯಾಕೆ ಹೇಳಿಕೊಟ್ರಿ?"

"ಅಭ್ಯಾಸ," ಎಂದರು ಕುಶಾಲಪ್ಪನವರು.

ಮೂರು ವಾರದ ಮೇಲೆ ತೀರ್ಪು ಬಂತು. ಕೊಡಗು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಕೋರ್ಟಿನ ಬೋರ್ಡು ಹೊಸದು, ಒಳಗಿನ ಕಾಯ್ದೆ ಹಳೆಯದೇ. ಮುನ್ಸೀಫರು ಪ್ರತಿವಾದಿಯ ಪ್ರಾಮಾಣಿಕತೆಯನ್ನು ಒಂದು ಸಾಲಿನಲ್ಲಿ ಮೆಚ್ಚಿ, ತಿಳಿದೂ ಸುಮ್ಮನಿದ್ದದ್ದು ಮೋಸವಾಗದು ಎಂದು ದಾವೆ ವಜಾ ಮಾಡಿದರು. ಮೊಯ್ದುವಿನ ಕೋರ್ಟು ಖರ್ಚನ್ನೂ ಗಂಗಮ್ಮನೇ ಕೊಡಬೇಕು ಎಂದಾಯಿತು.

ಕೋರ್ಟಿನ ಮೆಟ್ಟಿಲ ಕೆಳಗೆ ಮೊಯ್ದು ಅವಳಿಗೆ ಅಡ್ಡ ನಿಂತ. ಸೊಂಟದ ಅಗಲ ಬೆಲ್ಟಿನಿಂದ ನೋಟುಗಳನ್ನು ತೆಗೆದ.

"ಗಂಗಮ್ಮಾ, ಕೋರ್ಟಿನ ಮಾತು ಕೋರ್ಟಿಗಿರಲಿ. ನನ್ನ ಮಟ್ಟಿಗೆ ಆ ವ್ಯಾಪಾರ ಮುರಿದಿದೆ. ಎತ್ತು ವಾಪಸ್ ಕೊಡಿ, ನಿಮ್ಮ ದುಡ್ಡು ತಗೊಳ್ಳಿ. ಅದನ್ನ ಇನ್ಯಾರಿಗೂ ಮಾರೋದಿಲ್ಲ. ನನ್ನ ಹಟ್ಟಿಯಲ್ಲೇ ಸಾಯಲಿ."

ಗಂಗಮ್ಮ ನೋಟು ನೋಡಿದಳು. ಕೈ ಚಾಚಲಿಲ್ಲ.

"ಎತ್ತಿಲ್ಲ ಕಾಕಾ. ಅಲ್ಲೀವರೆಗೆ ಬರೀ ಅನುಮಾನ ಇತ್ತು. ನೀವು ಕಟಕಟೆ ಹತ್ತಿ ಹೇಳಿದ್ರಲ್ಲ, ಅದನ್ನ ಕೇಳಿದ ಮೇಲೆ ಹಟ್ಟೀಲಿ ಹೆಂಗೆ ಇಟ್ಕೊಳ್ಳಲಿ? ಆ ವಾರವೇ ಶನಿವಾರಸಂತೆಗೆ ಹೊಡ್ಕೊಂಡು ಹೋಗಿ ಮಾರಿಬಿಟ್ಟೆ. ಅಲ್ಲಿ ಅದರ ಗುರುತು ಯಾರಿಗೂ ಇಲ್ಲ."

"ಯಾರಿಗೆ ಮಾರಿದ್ರಿ?"

"ಊರು ಕೇಳಲಿಲ್ಲ. ಮುಖ ನೋಡೋ ಧೈರ್ಯ ಬರಲಿಲ್ಲ."

"ಹಾರನ್ನಿನ ವಿಷಯ ಹೇಳಿದ್ರಾ?"

"ಹೇಳಿದ್ರೆ ತಗೊಳ್ತಿದ್ನಾ?" ಎಂದಳು ಗಂಗಮ್ಮ.

ಮೊಯ್ದುವಿನ ಕೈಯಲ್ಲಿ ನೋಟುಗಳು ಹಾಗೇ ಉಳಿದವು. ಹಿಂದಿನಿಂದ ಇಳಿದು ಬಂದ ಕುಶಾಲಪ್ಪನವರು ಎಲೆಗೆ ಸುಣ್ಣ ಸವರುತ್ತ ಅವಳಿಗೆ ಸಮಾಧಾನ ಹೇಳಿದರು:

"ಹೆದರಬೇಡಮ್ಮ. ಅದಕ್ಕೆ ನಿನ್ನ ಮೇಲೆ ಕೇಸು ನಿಲ್ಲೋದಿಲ್ಲ. ಈಗತಾನೇ ತೀರ್ಪಾಗಿದೆ."